ಆರಿಸಿಕೊಳ್ಳಲಾಗದ ನೆರೆ

ಹೊಲದ ಖರೀದಿ ಪತ್ರದಲ್ಲಿ ಬೆಲೆ, ತಾರೀಖು, ಸರ್ವೆ ನಂಬರು, ಎಕರೆ-ಗುಂಟೆಗಳ ಲೆಕ್ಕ ಎಲ್ಲ ಮುಗಿದ ಮೇಲೆ ಚಕ್ಕುಬಂದಿ ಬರುತ್ತದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಮತ್ತೊಬ್ಬರ ಹೊಲ. ಅರಕೇರಾದ ಹೊಲವಾಗಲಿ, ಮಾನ್ವಿಯ ಮನೆಯಾಗಲಿ, ರಾಯಚೂರಿನ ಪ್ಲಾಟಾಗಲಿ, ಈ ನಾಲ್ಕು ಸಾಲಿಲ್ಲದೆ ಪತ್ರ ಪೂರ್ತಿಯಾಗದು. ನಾನು ಕೊಂಡ ನೆಲ ಎಲ್ಲಿದೆ ಎಂದು ಕೇಳಿದರೆ ಆ ಪತ್ರ ಕೊಡುವ ಉತ್ತರ ಒಂದೇ: ಇಂಥಿಂಥವರ ನಡುವೆ ಇದೆ. ನನ್ನ ಒಡೆತನವನ್ನು ಸಾರುವ ಕಾಗದದಲ್ಲಿ ನನ್ನ ಒಪ್ಪಿಗೆ ಕೇಳದೆಯೇ ನಾಲ್ಕು ಕಡೆಯವರು ಬಂದು ನಿಂತಿರುತ್ತಾರೆ.

ಇದು ಇಂದು ನಿನ್ನೆಯ ರೂಢಿಯಲ್ಲ. ಕನ್ನಡದ ದಾನಶಾಸನಗಳು ದತ್ತಿಬಿಟ್ಟ ಭೂಮಿಯ ಮೇರೆ ಹೇಳುವಾಗ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ದಿಕ್ಕು ಹಿಡಿದು ಸುತ್ತುತ್ತವೆ. ಒಂದು ಕಡೆ ಕೆರೆ, ಒಂದು ಕಡೆ ನಟ್ಟಕಲ್ಲು, ಒಂದು ಕಡೆ ಇನ್ನೊಂದು ಊರಿನ ಸೀಮೆ. ದೇವದುರ್ಗದ ಸನಿಹದ ಗಬ್ಬೂರು ಹಳೆಯ ಗುಡಿಗಳಿಗೂ ಶಾಸನಗಳಿಗೂ ಹೆಸರಾದ ಊರು. ಅಂಥ ಊರುಗಳಲ್ಲಿ ಕಲ್ಲಿಗೆ ಉಳಿ ತಾಗಿಸಿದವರಿಗೂ ಇಂದು ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕುಳಿತು ಪತ್ರ ಬರೆಯುವವರಿಗೂ ತಿಳಿದಿರುವ ಸಂಗತಿ ಒಂದೇ. ಒಂದು ಜಾಗಕ್ಕೆ ತನ್ನಷ್ಟಕ್ಕೆ ತಾನೇ ಗುರುತಿಲ್ಲ. ಅದರ ಗುರುತು ಅದರ ನೆರೆಯಲ್ಲಿದೆ.

ಇಂಗ್ಲಿಷಿನಲ್ಲಿ ನೆರೆಹೊರೆಗೆ ಎಲ್ಲರೂ ಬಳಸುವ ಪದ ಬೇರೆ ಇದೆ. ಅದರ ಬದಿಯಲ್ಲಿ, ಈಗ ಕೋರ್ಟಿನ ಕಾಗದಗಳಲ್ಲಿ ಮಾತ್ರ ಉಸಿರಾಡುವ, ‘ವಿಸಿನೇಜ್’ ಎಂಬ ಇನ್ನೊಂದು ಪದವಿದೆ. ಲ್ಯಾಟಿನ್ನಿನಲ್ಲಿ ‘ವೀಕುಸ್’ ಎಂದರೆ ಊರು, ಕೇರಿ. ಅಲ್ಲಿ ಬಾಳುವವನು ‘ವೀಕೀನುಸ್’, ನೆರೆಯವನು. ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂತು. ಅದೇ ಬೇರಿನ ಇನ್ನೊಂದು ಕೊಂಬೆ ನಮ್ಮ ಕಡೆಯೂ ಚಾಚಿದೆ. ವೇದಕಾಲದ ‘ವಿಶ್’ ಎಂದರೆ ಒಂದೆಡೆ ನೆಲೆನಿಂತ ಜನ. ಮನೆಗೆ ‘ವೇಶ್ಮ’, ನೆರೆಯವನಿಗೆ ‘ಪ್ರತಿವೇಶಿ’. ನಗರಸಭೆಯ ಹರಾಜಿನಲ್ಲಿ ನಾವು ಕೂಗುವ ‘ನಿವೇಶನ’ವೂ ಅದೇ ಕುಲದ್ದು. ಗ್ರೀಕರ ‘ಓಯ್ಕೋಸ್’, ಅಂದರೆ ಮನೆ, ಇದರ ದಾಯಾದಿ. ಎಕಾನಮಿ, ಇಕಾಲಜಿ ಎಂಬ ಎರಡೂ ಮಾತು ಹುಟ್ಟಿದ್ದು ಆ ಮನೆಯಲ್ಲಿ.

ಪದದ ವಂಶಾವಳಿಗಿಂತ ಅದು ಕೋರ್ಟುಗಳಲ್ಲಿ ಮಾಡಿದ ಕೆಲಸ ನನ್ನನ್ನು ಹೆಚ್ಚು ಕಾಡಿದೆ. ಮನುಷ್ಯ ಮನುಷ್ಯನ ಮಗ್ಗುಲಲ್ಲಿ ಬದುಕುವುದರಿಂದ ಏನೇನು ಹುಟ್ಟುತ್ತದೆ ಎಂದು ಕಾನೂನು ಶತಮಾನಗಳ ಕಾಲ ಯೋಚಿಸಿದ್ದು ಈ ಪದದ ನೆರಳಿನಲ್ಲಿ. ಅಲ್ಲಿ ನೆರೆತನಕ್ಕೆ ಮೂರು ಮುಖಗಳು ಕಾಣುತ್ತವೆ: ಬಲ್ಲವನಾಗಿರುವುದು, ಮನ್ನಿಸುವುದು, ತಡೆಯುವುದು. ಮೊದಲೆರಡು ನಮ್ಮನ್ನು ಕಾಯುತ್ತವೆ. ಮೂರನೆಯದು ನಮ್ಮನ್ನು ಹಾಳುಮಾಡಿದೆ.

ಮೊದಲನೆಯದು ಬಲ್ಲವನಾಗಿರುವುದು. 1166ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ ಕ್ಲಾರೆಂಡನ್ ಎಂಬಲ್ಲಿ ಒಂದು ಕಟ್ಟಳೆ ಹೊರಡಿಸಿದ. ಪ್ರತಿ ಹೋಬಳಿಯಿಂದ ಹನ್ನೆರಡು ಮಂದಿ, ಪ್ರತಿ ಹಳ್ಳಿಯಿಂದ ನಾಲ್ಕು ಮಂದಿ ಬಂದು, ತಮ್ಮಲ್ಲಿ ಕಳ್ಳನೆಂದೋ ಕೊಲೆಗಾರನೆಂದೋ ಸಂಶಯಕ್ಕೆ ಒಳಗಾದವರು ಯಾರೆಂದು ಪ್ರಮಾಣ ಮಾಡಿ ಹೇಳಬೇಕು. ಅಂದಿನ ಪಂಚರು ಏನೂ ತಿಳಿಯದೆ ಬಂದು ವಾದ ಕೇಳಿ ತೀರ್ಪು ಕೊಡುವವರಾಗಿರಲಿಲ್ಲ. ಅದೇ ಸೀಮೆಯಲ್ಲಿ ಬದುಕುವುದರಿಂದ ಮೊದಲೇ ತಿಳಿದವರಾಗಿದ್ದರು. ಮುಂದೆ ಜ್ಯೂರಿಯ ಪದ್ಧತಿ ಬದಲಾಯಿತು, ಆದರೆ ಆ ನಂಬಿಕೆ ಉಳಿಯಿತು. ಅಮೆರಿಕದ ವಸಾಹತುಗಾರರು 1774ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿದಾಗ, ತಮ್ಮ ನೆರೆಹೊರೆಯ ಸಮಾನರಿಂದಲೇ ವಿಚಾರಣೆಗೊಳ್ಳುವುದು ತಮ್ಮ ಹಕ್ಕು ಎಂದು ‘ವಿಸಿನೇಜ್’ ಎಂಬ ಇದೇ ಪದ ಬಳಸಿ ಘೋಷಿಸಿದರು. ಆಪಾದಿತರನ್ನು ಕಡಲಾಚೆಯ ಇಂಗ್ಲೆಂಡಿಗೆ ಸಾಗಿಸಿ ವಿಚಾರಣೆ ನಡೆಸುವ ಬೆದರಿಕೆ ಆಗ ಅವರ ತಲೆಯ ಮೇಲಿತ್ತು. ಬಲ್ಲವರಿಲ್ಲದ ಊರಿನಲ್ಲಿ ಕಟಕಟೆಗೆ ನಿಂತವನಿಗೆ ಅರ್ಧ ಶಿಕ್ಷೆ ಮೊದಲೇ ಆಗಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ನಮ್ಮಲ್ಲಿ ಜ್ಯೂರಿ ಹೋಗಿದೆ, ಪಂಚನಾಮೆ ಉಳಿದಿದೆ. ಪೊಲೀಸರು ಒಂದು ಮನೆ ಶೋಧಿಸಬೇಕಾದರೆ ಆ ಪ್ರದೇಶದವರೇ ಆದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು ಕರೆಸಬೇಕು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 100ನೇ ಕಲಮು ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಆ ಮಾತು ಮುಂದುವರಿದಿದೆ. ಸರ್ಕಾರದ ಕೈ ಒಬ್ಬನ ಮನೆಯೊಳಗೆ ಹೊಗುವಾಗ ಓಣಿಯ ಎರಡು ಜೊತೆ ಕಣ್ಣು ಅಲ್ಲಿರಲಿ ಎಂಬುದು ಅದರ ಇಂಗಿತ. ಬಂಧುಗಳ ಕಣ್ಣಾದರೆ ಪಕ್ಷಪಾತದ್ದು, ದೂರದವರದಾದರೆ ಅರಿಯದ್ದು. ನಡುವಿನ ನಂಬಿಕೆಯ ಜಾಗದಲ್ಲಿ ಮಗ್ಗಲ ಮನೆಯವರು ನಿಂತಿದ್ದಾರೆ.

ಈ ಬಲ್ಲತನಕ್ಕೆ ಪೆಟ್ಟು ಬಿದ್ದರೆ ಏನಾಗುತ್ತದೆಂದು ತಿಳಿಯಲು ನಮ್ಮ ಗುಳೆಯನ್ನು ನೋಡಬೇಕು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲದಿಂದ ವರ್ಷ ವರ್ಷವೂ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತವೆ. ಊರಲ್ಲಿ ಬೀಗ ಹಾಕಿದ ಮನೆ, ಮನೆಯಲ್ಲಿ ಉಳಿದ ಮುದುಕರು, ಅವರನ್ನು ಕಣ್ಣಿಟ್ಟು ನೋಡಿಕೊಳ್ಳುವ ಓಣಿಯವರು. ಹೋದವರಿಗೆ ಬೆಂಗಳೂರಿನಲ್ಲಿ ಸಿಗುವುದು ತಗಡಿನ ಶೆಡ್ಡು, ಒಂದೇ ಕಡೆಯ ಜನರ ಸಣ್ಣ ಸಾಲು. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಇಂಥ ಶೆಡ್ಡುಗಳನ್ನು ಕೆಡವಲಾಯಿತು. ಅಲ್ಲಿರುವವರು ಗಡಿದಾಟಿ ಬಂದ ವಿದೇಶಿಯರು ಎಂಬುದು ಆರೋಪ. ಆದರೆ ಆ ಶೆಡ್ಡುಗಳಲ್ಲಿ ದೇಶದ ಬೇರೆ ಬೇರೆ ಕಡೆಯವರ ಜೊತೆ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಹೈಕೋರ್ಟ್ ಮಧ್ಯೆ ಬಂದು ತಡೆಯಬೇಕಾಯಿತು. ನನ್ನನ್ನು ಕಂಗೆಡಿಸುವುದು ಆರೋಪ ಹುಟ್ಟಿದ ಸುಲಭ. ಸುತ್ತಲಿನ ಎತ್ತರದ ಕಟ್ಟಡಗಳನ್ನು ಕಟ್ಟಿದ ಕೈಗಳು ಯಾರವು, ಅವರ ಮಾತು ಯಾವುದು, ಊರು ಯಾವುದು ಎಂದು ಕರೆದು ಕೇಳಿ ಬಲ್ಲ ನೆರೆಯವರು ಅಲ್ಲಿ ಸಾಕಷ್ಟಿರಲಿಲ್ಲ. ಗೋಡೆಗೆ ಗೋಡೆ ಹತ್ತಿಕೊಂಡಿದ್ದ ಮಾತ್ರಕ್ಕೆ ನೆರೆಯಾಗುವುದಿಲ್ಲ. ಅರಿತಿರಬೇಕು. ಅರಿತವರು ಬಾಯಿಬಿಟ್ಟು ಹೇಳುವವರೂ ಆಗಿರಬೇಕು.

ಎರಡನೆಯ ಮುಖ ಮನ್ನಿಸುವುದು. ಇಂಗ್ಲಿಷ್ ಸಾಮಾನ್ಯ ಕಾನೂನಿನಲ್ಲಿ ಒಂದು ಚೆಂದದ ಕಟ್ಟಳೆಯಿತ್ತು. ಅಕ್ಕಪಕ್ಕದ ಎರಡು ಊರುಗಳ ಗೋಮಾಳಗಳ ನಡುವೆ ಬೇಲಿಯಿಲ್ಲದೆ, ಒಂದೂರಿನ ದನ ಇನ್ನೊಂದೂರಿನ ಹುಲ್ಲಿಗೆ ಬಾಯಿ ಹಾಕಿದರೆ ಅದನ್ನು ಅತಿಕ್ರಮಣವೆಂದು ಎಣಿಸಬಾರದು. ಆ ಹುಲ್ಲು ಮೇಯಿಸುವುದು ಹಕ್ಕಲ್ಲ, ತಂದು ಬಿಡುವಂತೆಯೂ ಇಲ್ಲ. ದನ ತಾನಾಗಿ ಅಲೆದು ಹೋದರೆ ಮಾತ್ರ ನೆರೆತನದ ಕಾರಣಕ್ಕೆ ಕ್ಷಮೆಯುಂಟು. ಹಕ್ಕಿಗೂ ಅಪರಾಧಕ್ಕೂ ನಡುವೆ ಕಾನೂನೇ ಒಂದು ಅಂಗಳ ಬಿಟ್ಟುಕೊಟ್ಟು ಅದಕ್ಕೆ ನೆರೆತನವೆಂದು ಹೆಸರಿಟ್ಟಿತು.

ಆ ಅಂಗಳ ನಮ್ಮ ಹೊಲಗಳಲ್ಲಿ ಯಾವಾಗಲೂ ಇತ್ತು. ಬ್ರಿಟಿಷರ 1871ರ ಜಾನುವಾರು ಅತಿಕ್ರಮಣ ಕಾಯಿದೆ ದನಗಳನ್ನು ಹಿಡಿದು ದೊಡ್ಡಿಗೆ ಹಾಕುವ ದಾರಿ ತೋರಿಸಿತು. ಆದರೂ ಫಸಲು ಎದ್ದ ಮೇಲೆ ಬರಿ ಹೊಲ ಯಾರ ದನಕ್ಕೂ ತೆರೆದಿರುತ್ತಿತ್ತು. ಕುರಿಗಾರರು ಮಂದೆ ಹೊಡೆದುಕೊಂಡು ಬಂದರೆ ಹೊಲದವರು ಕರೆದು ನಿಲ್ಲಿಸಿಕೊಂಡರು. ಕುರಿಗೆ ಮೇವು, ನೆಲಕ್ಕೆ ಗೊಬ್ಬರ. ಬಿತ್ತಿಗೆಯ ಹೊತ್ತಿಗೆ ಆಳು ಸಾಲದಿದ್ದರೆ ಮುಯ್ಯಾಳು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮುಯ್ಯಿಯಲ್ಲಿ ಲೆಕ್ಕವಿದೆ, ಆದರೆ ಆ ಲೆಕ್ಕವನ್ನು ಯಾರೂ ಪೂರ್ತಿ ತೀರಿಸಿಬಿಡುವುದಿಲ್ಲ. ತೀರಿಸಿದ ದಿನ ಸಂಬಂಧವೂ ತೀರುತ್ತದೆ ಎಂಬ ಅರಿವು ಎಲ್ಲರಿಗೂ ಇರುತ್ತದೆ.

ದಾರಿಯ ಮಾತೂ ಹೀಗೆಯೇ. ಒಬ್ಬರ ಹೊಲ ದಾಟದೆ ಇನ್ನೊಬ್ಬರು ತಮ್ಮ ಹೊಲ ಮುಟ್ಟಲಾಗದ ಕಡೆ, ಬದುವಿನ ಗುಂಟ ನಡೆಯುವ ಕಾಲುಗಳೇ ದಾರಿ ಮಾಡಿದವು. 1882ರ ಅನುಭೋಗದ ಹಕ್ಕುಗಳ ಕಾಯಿದೆ ಇದನ್ನು ಗುರುತಿಸಿತು. ಇಪ್ಪತ್ತು ವರ್ಷ ಶಾಂತವಾಗಿ, ತಡೆಯಿಲ್ಲದೆ, ಹಕ್ಕೆಂದು ನಡೆದ ದಾರಿ ಹಕ್ಕೇ ಆಗುತ್ತದೆ. ಕಾಯಿದೆ ಹಾಗೆ ಹೇಳಿದರೂ ದಾರಿಯ ಜಗಳ ಇಲ್ಲದ ಹಳ್ಳಿ ಇಂದು ಅಪರೂಪ. ಬಂಡಿ ಹೋಗಿ ಟ್ರ್ಯಾಕ್ಟರ್ ಬಂತು, ಮೂರು ಮೊಳದ ದಾರಿಗೆ ಎಂಟು ಮೊಳ ಬೇಕಾಯಿತು. ನೆಲದ ಬೆಲೆ ಏರಿದಂತೆ ಬದುವನ್ನೂ ಉತ್ತು ಸೇರಿಸಿಕೊಳ್ಳುವ ಆಸೆ ಏರಿತು. ಎರಡು ಸಾಲಿನ ನೆಲಕ್ಕಾಗಿ ಎರಡು ತಲೆಮಾರು ಮಾತು ಬಿಟ್ಟ ಮನೆಗಳು ಈ ಸೀಮೆಯಲ್ಲಿವೆ. ಆ ನೆಲದಲ್ಲಿ ಬೆಳೆದ ತೊಗರಿ ವಕೀಲರ ಫೀಜಿಗೂ ಸಾಲುವುದಿಲ್ಲ.

ನೀರು ಬಂದ ಮೇಲೆ ನೆರೆತನದ ಅಳತೆಯೂ ಉದ್ದವಾಯಿತು. ನಾರಾಯಣಪುರ ಬಲದಂಡೆ ಕಾಲುವೆ ಲಿಂಗಸುಗೂರು, ದೇವದುರ್ಗದ ಕಡೆಯ ಹೊಲಗಳಿಗೆ ಕೃಷ್ಣೆಯನ್ನು ತಂದಿತು. ಸಿಂಧನೂರು, ಮಾನ್ವಿಯ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆ. ಮೊದಲು ನೆರೆಯವನೆಂದರೆ ಬದುವಿನ ಆಚೆಗೆ ಕಾಣುವವನು. ಕಾಲುವೆ ಹರಿದ ಮೇಲೆ ಹತ್ತಾರು ಮೈಲಿ ಕೆಳಗೆ, ಮುಖ ನೋಡದ, ಹೆಸರು ತಿಳಿಯದ ರೈತನೂ ನೆರೆಯವನಾದ. ನಾನು ಸರದಿ ಮೀರಿ ತೂಬು ತೆರೆದರೆ ಒಣಗುವುದು ಅವನ ಪೈರು. ಕೊನೆಯ ಭಾಗದ ರೈತರು ನೀರು ಮುಟ್ಟಲಿಲ್ಲವೆಂದು ರಸ್ತೆಗಿಳಿಯುವ ಸುದ್ದಿ ರಾಯಚೂರು ಜಿಲ್ಲೆಗೆ ಹೊಸದಲ್ಲ. ಮಳೆ ಕಡಿಮೆಯಾದದ್ದೂ, ನಿರ್ವಹಣೆಯ ಕೊರತೆಯೂ, ಮೇಲ್ಭಾಗದಲ್ಲಿ ಲೆಕ್ಕ ಮೀರಿ ಭತ್ತ ನಾಟಿದ್ದೂ ಅದಕ್ಕೆ ಕಾರಣ. ಇವುಗಳ ಜೊತೆ ಇನ್ನೊಂದನ್ನೂ ಸೇರಿಸಬೇಕು. ಕಣ್ಣಿಗೆ ಕಾಣದವನನ್ನು ನೆರೆಯವನೆಂದು ಎಣಿಸುವ ಅಭ್ಯಾಸ ನಮಗೆ ಇನ್ನೂ ಆಗಿಲ್ಲ. ಕಾಲುವೆ ನಮ್ಮ ಚಕ್ಕುಬಂದಿಯನ್ನು ಹಿಗ್ಗಿಸಿತು, ಮನಸ್ಸು ಹಳೆಯ ಮೇರೆಯಲ್ಲೇ ನಿಂತಿತು.

ಮೂರನೆಯ ಮುಖ ತಡೆಯುವುದು. ಇಲ್ಲಿ ‘ವಿಸಿನೇಜ್’ ಎಂಬ ಪದ ನಮ್ಮ ಸುಪ್ರೀಂ ಕೋರ್ಟಿನ ಬಾಗಿಲಿಗೇ ಬಂತು. ಇಸ್ಲಾಮಿಕ್ ಕಾನೂನಿನಲ್ಲಿ ‘ಶುಫಾ’ ಎಂಬ ಹಕ್ಕಿದೆ. ಒಬ್ಬರು ತಮ್ಮ ಆಸ್ತಿಯನ್ನು ಹೊರಗಿನವರಿಗೆ ಮಾರಿದರೆ, ಅದೇ ಬೆಲೆ ಕೊಟ್ಟು ತಾವೇ ಕೊಳ್ಳುವೆವೆಂದು ಕೆಲವರು ಮುಂದೆ ಬರಬಹುದು. ಮೊದಲು ಆಸ್ತಿಯ ಪಾಲುದಾರ, ಆಮೇಲೆ ದಾರಿ-ನೀರುಗಳಲ್ಲಿ ಪಾಲುಳ್ಳವನು, ಕೊನೆಗೆ ಬರಿಯ ನೆರೆಯವನು. ಸುದ್ದಿ ಕಿವಿಗೆ ಬಿದ್ದ ಗಳಿಗೆಯಲ್ಲೇ ಎದ್ದು ಹಕ್ಕು ಸಾರಬೇಕು, ಬಳಿಕ ಸಾಕ್ಷಿಗಳ ಮುಂದೆ ಮತ್ತೆ ಹೇಳಬೇಕು ಎಂಬಷ್ಟು ಬಿಗಿಯಾದ ನಿಯಮಗಳು ಇದ್ದವು. ಭಾರತದ ಹಲವು ಪ್ರಾಂತ್ಯಗಳಲ್ಲಿ ಇದು ಧರ್ಮದ ಗೆರೆ ದಾಟಿ ಊರಿನ ರೂಢಿಯಾಗಿಯೂ ಸಂಸ್ಥಾನಗಳ ಕಾಯಿದೆಯಾಗಿಯೂ ಬೆಳೆದಿತ್ತು. ಕೂಡಿ ಬಾಳುವವರಿಗೆ ಕಿರುಕುಳವಾಗದಿರಲಿ ಎಂಬ ಒಳ್ಳೆಯ ಉದ್ದೇಶ ಅದರ ಮೂಲದಲ್ಲಿತ್ತೆಂದು ಒಪ್ಪೋಣ.

1962ರಲ್ಲಿ ಭಾವು ರಾಮ್ ಮತ್ತು ಬೈಜನಾಥ್ ಸಿಂಗ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ಹಕ್ಕನ್ನು ಪರೀಕ್ಷೆಗೆ ಒಡ್ಡಿತು. ಪಾಲುದಾರನ ಹಕ್ಕು ನಿಂತಿತು. ಬರಿಯ ನೆರೆತನದ ಮೇಲೆ ನಿಂತ ಹಕ್ಕು ಬಿತ್ತು. ಬಹುಮತದ ತೀರ್ಪು ಹಕ್ಕಿನ ಬುಡಕ್ಕೇ ಕೈ ಹಾಕಿತು. ಇದು ಬೆಳೆದದ್ದು ಹೊರಗಿನವರು, ಅಂದರೆ ಬೇರೆ ಧರ್ಮದವರು, ಬೇರೆ ಜಾತಿಯವರು ನಮ್ಮ ನಡುವೆ ಬರಬಾರದು ಎಂಬ ಕಾಲದಲ್ಲಿ. ಸಂವಿಧಾನ ಬಂದ ಮೇಲೆ ಅಂಥ ಕಾರಣಕ್ಕೆ ಬಲವಿಲ್ಲ. ಎರಡು ವರ್ಷದ ಬಳಿಕ ಸಂತ್ ರಾಮ್ ಎಂಬವರ ಮೊಕದ್ದಮೆಯಲ್ಲಿ, ಕಾಯಿದೆಯಾಗಿರಲಿ ರೂಢಿಯಾಗಿರಲಿ ನೆರೆತನದ ಈ ಹಕ್ಕಿಗೆ ಒಂದೇ ಗತಿ ಎಂದು ಕೋರ್ಟು ಸ್ಪಷ್ಟಪಡಿಸಿತು.

ಈ ತೀರ್ಪನ್ನು ಆಸ್ತಿ ಕಾನೂನಿನ ಒಂದು ಪುಟವೆಂದು ಓದಿ ಮುಂದೆ ಹೋಗಲು ನನಗೆ ಆಗುವುದಿಲ್ಲ. ನಮ್ಮ ಊರುಗಳ ನಕ್ಷೆಯೇ ಅದರ ಮುಂದೆ ಬಂದು ನಿಲ್ಲುತ್ತದೆ. ಓಣಿಗೊಂದು ಜಾತಿ, ಕೇರಿಗೊಂದು ಹೆಸರು, ಗಾಳಿ ಬೀಸುವ ದಿಕ್ಕು ನೋಡಿ ಊರಾಚೆ ಇಟ್ಟ ಕೇರಿ, ಬಾವಿ ಬೇರೆ, ಸ್ಮಶಾನ ಬೇರೆ. ಶುಫಾ ಎಂಬ ಪದ ಕೇಳದ ಊರಿನಲ್ಲೂ ಅದರ ಕೆಲಸ ಯಾವ ಕಾಯಿದೆಯೂ ಇಲ್ಲದೆ ನಡೆದಿತ್ತು. ನೆರೆಯವನನ್ನು ಆರಿಸಿಕೊಳ್ಳುವ ಆಸೆ ಅಷ್ಟು ಹಳೆಯದು, ಅಷ್ಟು ಆಳದ್ದು. ಇಂದು ಅದರ ದನಿ ಮೆತ್ತಗಾಗಿದೆ. ಬಾಡಿಗೆ ಮನೆ ಕೇಳಿಕೊಂಡು ಬಂದವರಿಗೆ ‘ನೀವು ಯಾವ ಮಂದಿ?’ ಎಂದು ಕೇಳುತ್ತದೆ. ಉತ್ತರ ಹಿಡಿಸದಿದ್ದರೆ, ಮನೆ ಬೇರೆಯವರಿಗೆ ನಿಗದಿಯಾಗಿದೆ ಎಂದು ಹೇಳಿ ಕಳಿಸುತ್ತದೆ. ಅರಕೇರಾ ಈಗ ತಾಲೂಕು ಕೇಂದ್ರ. ಕಚೇರಿಗಳಿಗೆ ದೂರದ ಊರಿನ ನೌಕರರು ಬರುತ್ತಾರೆ, ಹೊಲಗಳು ಪ್ಲಾಟುಗಳಾಗುತ್ತವೆ. ಹೊಸದಾಗಿ ಕಟ್ಟುವ ಓಣಿಗಳು ಹಳೆಯ ನಕ್ಷೆಯ ಮೇಲೆಯೇ ಏಳುತ್ತವೆಯೋ ಬೇರೆ ಗೆರೆ ಎಳೆಯುತ್ತವೆಯೋ ಎಂಬುದು ಇಂಥ ಊರುಗಳ ಮುಂದಿನ ನೂರು ವರ್ಷದ ಪ್ರಶ್ನೆ.

ಬೇರೆ ಗೆರೆ ಎಳೆಯಲು ಬರುವುದಿಲ್ಲ ಎನ್ನುವವರಿಗೆ ಇದೇ ರಾಯಚೂರು ಜಿಲ್ಲೆ ಉತ್ತರ ಕೊಡುತ್ತದೆ. ಮುದಗಲ್ಲಿನ ಮೊಹರಂ ನಾಡಿಗೆಲ್ಲ ಗೊತ್ತು. ಹಳ್ಳಿಹಳ್ಳಿಗಳಲ್ಲೂ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಹರಕೆ ಹೊತ್ತವರಲ್ಲಿ ಹಿಂದೂ-ಮುಸ್ಲಿಂ ಇಬ್ಬರೂ ಇರುತ್ತಾರೆ. ಮುಸ್ಲಿಮರ ಮನೆಗಳೇ ಇಲ್ಲದ ಊರುಗಳಲ್ಲೂ ಅಲಾಯಿ ದೇವರು ಕೂಡುವುದುಂಟು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿಯ ಬುತ್ತಿ ಬಿಚ್ಚಿದ ಮೇಲೆ ದಾರಿಹೋಕರನ್ನೂ ಕರೆದು ಕೂಡಿಸುತ್ತಾರೆ. ಆದರೆ ಒಂದು ದಿನದ ಪಂಕ್ತಿಯನ್ನು ವರ್ಷದ ಬಾಳಿಗೆ ತಾಳೆ ಹಾಕುವಾಗ ಪ್ರಾಮಾಣಿಕರಾಗಿರಬೇಕು. ಹಬ್ಬದ ದಿನ ಕರೆದು ಉಣಿಸಿದವರಿಗೆ ಮರುದಿನ ಬಾಡಿಗೆ ಮನೆ ಕೊಡದಿದ್ದರೆ ಆ ಔದಾರ್ಯ ಹಬ್ಬದ್ದು, ನಮ್ಮದಲ್ಲ.

ಈ ಮೂರು ಮುಖಗಳಿಗೂ ಮೊದಲಿನ ಒಂದು ಸ್ಥಿತಿಯಿದೆ: ನೆರೆಹೊರೆ ಇದೆ ಎಂದು ಒಪ್ಪಿಕೊಳ್ಳುವುದು. ಅರಕೇರಾ, ದೇವದುರ್ಗದ ಸುತ್ತಲಿನ ದೊಡ್ಡಿಗಳಲ್ಲಿ ಅದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಊರಿಂದ ಹೊಲ ದೂರ, ದನ ಕಾಯಲು ಹೊಲದಲ್ಲೇ ದೊಡ್ಡಿ ಕಟ್ಟಿದರು, ದನದ ಜೊತೆ ಒಂದು ಸಂಸಾರ ಉಳಿಯಿತು. ಮಕ್ಕಳು, ಮೊಮ್ಮಕ್ಕಳು, ಮಗ್ಗುಲಿಗೆ ಇನ್ನೊಬ್ಬರ ದೊಡ್ಡಿ. ಹೀಗೆ ಜನವಸತಿಯಾಯಿತು. ಮನೆಗಳಿದ್ದವು, ದೇವರಿದ್ದ, ಜಗಳವೂ ಇತ್ತು, ಆದರೆ ಸರ್ಕಾರದ ಪುಸ್ತಕದಲ್ಲಿ ಊರಿರಲಿಲ್ಲ. ಊರಿಲ್ಲದಲ್ಲಿಗೆ ರಸ್ತೆ, ಶಾಲೆ, ಕುಡಿಯುವ ನೀರು ಹೇಗೆ ಬಂದಾವು? ಕರ್ನಾಟಕ ಭೂ ಸುಧಾರಣಾ ಕಾಯಿದೆಗೆ 38-ಎ ಕಲಮು ಸೇರಿದಾಗ ದಾಖಲೆಯಿಲ್ಲದ ಜನವಸತಿಗಳನ್ನು ಅದು ಹೆಸರಿಸಿ ಎಣಿಸಿತು: ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ಕುರುಬರಹಟ್ಟಿ, ನಾಯಕರಹಟ್ಟಿ, ಮಜರೆ ಗ್ರಾಮ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪು, ಕಾಲೋನಿ. ಕಾಯಿದೆಯ ಭಾಷೆ ಇಷ್ಟು ಮನೆಮಾತಾಗಿ ಕಂಡದ್ದು ಅಪರೂಪ. ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ಇಂಥ ವಸತಿಗಳು ಕಂದಾಯ ಗ್ರಾಮಗಳೆಂದು ಘೋಷಣೆಯಾದವು. 2023ರ ಜನವರಿ 19ರಂದು ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಹಕ್ಕುಪತ್ರಗಳ ವಿತರಣೆ ನಡೆಯಿತು.

ಹಕ್ಕುಪತ್ರ ಪಡೆದವರಿಗೆ ಸಿಕ್ಕಿದ್ದು ತುಂಡು ಭೂಮಿಯಷ್ಟೇ ಅಲ್ಲ. ಇನ್ನು ಮೇಲೆ ಬೇರೆಯವರ ಪತ್ರದಲ್ಲೂ ಅವರ ಹೆಸರು ಒಂದು ದಿಕ್ಕಾಗಿ ಬರುತ್ತದೆ. ತಲೆಮಾರುಗಳ ಕಾಲ ಎಲ್ಲರ ನೆರೆಯಲ್ಲಿದ್ದೂ ಯಾರ ನೆರೆಯೂ ಆಗಿರದವರು ಈಗ ಕಾನೂನಿನ ಕಣ್ಣಲ್ಲಿ ನೆರೆಯವರಾದರು. ಇದು ದೊಡ್ಡ ಸಂಗತಿ. ಉಳಿದವರು ಅದನ್ನು ನಡತೆಯಲ್ಲಿ ಒಪ್ಪಬೇಕಾದ ಕೆಲಸ ಬಾಕಿಯಿದೆ.

ಬಸವಣ್ಣನವರ ಪ್ರಸಿದ್ಧ ವಚನವೊಂದು ನಿಮ್ಮ ನಿಮ್ಮ ತನುಮನಗಳನ್ನು ಮೊದಲು ನೋಡಿಕೊಳ್ಳಿರೆಂದು ಹೇಳಿ, ನೆರೆಮನೆಯ ದುಃಖಕ್ಕೆ ಅಳುವವರನ್ನು ದೇವರು ಮೆಚ್ಚನೆಂಬ ಮಾತಿನಲ್ಲಿ ಮುಗಿಯುತ್ತದೆ. ನೆರೆಯವರ ಗೊಡವೆ ಬೇಡವೆನ್ನಲು ಇದನ್ನು ಎತ್ತಿ ಹೇಳುವವರುಂಟು. ನನಗೆ ಅದು ಹಾಗೆ ಕೇಳಿಸುವುದಿಲ್ಲ. ತನ್ನನ್ನು ತಿದ್ದಿಕೊಳ್ಳದೆ ಸುರಿಸುವ ಕಣ್ಣೀರು ನೆರೆಯವರಿಗೆ ಉಪಯೋಗವಿಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ. ಬದು ಒತ್ತಿದವನು ಪಕ್ಕದ ಹೊಲದವನ ಬಡತನಕ್ಕೆ ಮರುಗಿದರೆ ಏನು ಬಂತು? ತೂಬು ತೆರೆದಿಟ್ಟವನು ಕೊನೆಯ ಭಾಗದ ರೈತನ ಗೋಳಿಗೆ ಅತ್ತರೆ ಏನು ಬಂತು? ನೆರೆತನ ಶುರುವಾಗುವುದು ನನ್ನ ಮೇರೆಯೊಳಗೆ ನಾನು ಸರಿಯಾಗಿರುವಲ್ಲಿಂದ.

ಗೆಳೆಯರನ್ನು ನಾವು ಆರಿಸಿಕೊಳ್ಳುತ್ತೇವೆ, ಬಂಧುಗಳು ರಕ್ತದಿಂದ ಬರುತ್ತಾರೆ. ಗೆಳೆತನದಲ್ಲಿ ನಮ್ಮ ರುಚಿಯಿದೆ, ಬಂಧುತ್ವದಲ್ಲಿ ನಮ್ಮ ಕುಲವಿದೆ, ಎರಡೂ ಕಡೆ ನಾವು ನಮ್ಮನ್ನೇ ಪ್ರೀತಿಸಿಕೊಳ್ಳಲು ಸಾಧ್ಯ. ನೆರೆಯವನಲ್ಲಿ ಆ ಅನುಕೂಲವಿಲ್ಲ. ಅವನು ನಮ್ಮ ರುಚಿಯವನಲ್ಲ, ಕುಲದವನಲ್ಲ, ಪಕ್ಕದ ನೆಲದಲ್ಲಿ ಇದ್ದಾನೆ ಎಂಬುದೊಂದೇ ಕಾರಣ. ಆ ಒಂದೇ ಕಾರಣಕ್ಕೆ ಅವನನ್ನು ಬಲ್ಲವರಾಗಬೇಕು, ಅವನಿಗೆ ಸಾಕ್ಷಿಯಾಗಬೇಕು, ಅವನ ದನವನ್ನು ಮನ್ನಿಸಬೇಕು, ಅವನಿಗೆ ದಾರಿಯನ್ನೂ ನೀರನ್ನೂ ಬಿಡಬೇಕು. ನ್ಯಾಯ ಎಂಬುದನ್ನು ಮನುಷ್ಯ ನಿತ್ಯ ಕಲಿಯುವುದು ಇಲ್ಲೇ, ಏಕೆಂದರೆ ಇಷ್ಟವಿಲ್ಲದವನಿಗೂ ಸಲ್ಲಬೇಕಾದದ್ದು ಸಲ್ಲಿದಾಗಲೇ ಅದು ನ್ಯಾಯ.

1962ರ ತೀರ್ಪು ನೆರೆಯವನನ್ನು ಆರಿಸಿಕೊಳ್ಳುವ ಹಕ್ಕನ್ನು ತೆಗೆದುಹಾಕಿತು. ನೆರೆಯವನಿಗೆ ಸಲ್ಲಿಸಬೇಕಾದ ಹೊಣೆಯನ್ನು ಯಾವ ಕೋರ್ಟೂ ತೆಗೆದಿಲ್ಲ. ಮನೆ ಕೇಳಿ ಬಂದವರ ಜಾತಿ ಕೇಳದೆ ಬೀಗದ ಕೈ ಕೊಡುವುದು, ಸರದಿ ಮುಗಿದ ಕೂಡಲೆ ತೂಬು ಇಳಿಸುವುದು, ನಕ್ಷೆಯಲ್ಲಿರುವ ದಾರಿಯನ್ನು ನೆಲದ ಮೇಲೂ ಇರಗೊಡುವುದು, ದೊಡ್ಡಿಯ ಮಕ್ಕಳು ನಡೆದುಬರುವ ಶಾಲೆಗೆ ನಮ್ಮ ಮಕ್ಕಳನ್ನೂ ಕಳಿಸುವುದು. ಇವನ್ನು ತ್ಯಾಗವೆಂದು ಕರೆಯುವುದು ತಪ್ಪು. ಇವಿಲ್ಲದೆ ಮನೆಗಳ ಗುಂಪು ಇರಬಹುದು, ಪ್ಲಾಟುಗಳ ಸಾಲು ಇರಬಹುದು, ತಾಲೂಕು ಕಚೇರಿಯೂ ಇರಬಹುದು. ಊರು ಇರುವುದಿಲ್ಲ.